ಸೀಸದ ಕಡ್ಡಿಯ ಚುಕ್ಕಿ

೫ ನವೆಂಬರ್ ೨೦೨೫

ನೂರು ವರ್ಷದ ಚರಿತ್ರೆ ಬರೆಯುವ ಕೆಲಸ ಕೊನೆಗೂ ನನ್ನ ತಲೆಗೇ ಬಂತು. ಸ್ಟಾಫ್ ಮೀಟಿಂಗಿನಲ್ಲಿ ಹೆಡ್‌ಮಾಸ್ಟರ್ ಕೆಂಪರಾಜು ಅವರು, "ಸಮಾಜ ವಿಜ್ಞಾನದೋರೂ ನೀವೇ, ಹಳೇ ವಿದ್ಯಾರ್ಥಿನೀನೂ ನೀವೇ. ಜ್ಯೋತಿಲಕ್ಷ್ಮಿ ಮೇಡಂ ಬಿಟ್ರೆ ಇನ್ಯಾರು ಬರೀತಾರೆ?" ಅಂದರು. ಉಳಿದವರೆಲ್ಲ ತಕ್ಷಣ ಚಪ್ಪಾಳೆ ಹೊಡೆದರು. ಕೆಲಸ ತಪ್ಪಿಸಿಕೊಂಡ ಖುಷಿಗೆ ಹೊಡೆಯುವ ಚಪ್ಪಾಳೆ ಹೇಗಿರುತ್ತೆ ಅಂತ ಮೂವತ್ತು ವರ್ಷದಿಂದ ಬಲ್ಲೆ.

ಬರೆಯಲು ವಿಷಯಕ್ಕೇನೂ ಕೊರತೆಯಿಲ್ಲ. ನಮ್ಮ ಕೆರೆಕೋಡಿ ಹೈಸ್ಕೂಲು ಶುರುವಾದದ್ದು ೧೯೨೬ರಲ್ಲಿ, ದೊಡ್ಡಬಳ್ಳಾಪುರದ ಒಬ್ಬ ರೇಷ್ಮೆ ವ್ಯಾಪಾರಿಯ ಮಂಡಿಯ ಅಟ್ಟದ ಮೇಲೆ. ಕೆಳಗೆ ನೂಲಿನ ತೂಕ, ಮೇಲೆ ಇಂಗ್ಲಿಷ್ ಪಾಠ. ಮೊದಲನೇ ಎಸ್ಸೆಸ್ಸೆಲ್ಸಿ ಬ್ಯಾಚಿನಲ್ಲಿ ಹನ್ನೊಂದು ಹುಡುಗರು ಪರೀಕ್ಷೆಗೆ ಕೂತರು, ಮೂವರು ಪಾಸಾದರು. ಆಗಿನ ಹೆಡ್‌ಮಾಸ್ಟರು ತಮ್ಮ ಪುಸ್ತಕದಲ್ಲಿ ಬರೆದಿಟ್ಟಿದ್ದಾರೆ: "ಮೂವರು ಹೋದರು. ಎಂಟು ಮಂದಿಯ ಬೆಂಚು ಹಾಗೇ ಇರಲಿ, ಅವರು ಮತ್ತೆ ಬರುತ್ತಾರೆ." ಈ ಸಾಲನ್ನು ಮೊದಲನೇ ಪುಟಕ್ಕೇ ಹಾಕುತ್ತೇನೆ. ಯಾರು ಏನೇ ಅನ್ನಲಿ.

೧೧ ನವೆಂಬರ್

ಗಂಗಣ್ಣ ಮೇಷ್ಟ್ರ ಅಧ್ಯಾಯ ಬರೆದೆ. ನನ್ನ ಹತ್ತನೇ ಕ್ಲಾಸಿನ ಮೇಷ್ಟ್ರು. ಈಗ ಎಂಬತ್ತೇಳು, ಕಣ್ಣು ಮಂದ, ಮಾತು ಮಾತ್ರ ಹಾಗೇ ಇದೆ.

ನಮ್ಮ ಶಾಲೆಗೆ ಸೀಸದ ಕಡ್ಡಿಯ ಪದ್ಧತಿ ತಂದವರು ಅವರೇ. ಹಾಜರಿ ಕರೆಯುವಾಗ ಇಲ್ಲದ ಮಗುವಿನ ಮುಂದೆ ಪೆನ್ನಿನಲ್ಲಿ "ಗೈ" ಅಂತ ಬರೆಯುವ ಹಾಗಿಲ್ಲ. ಸೀಸದ ಕಡ್ಡಿಯಲ್ಲಿ ಒಂದು ಚುಕ್ಕಿ, ಅಷ್ಟೆ. ತಿಂಗಳ ಕೊನೆಗೆ ಮಗುವನ್ನು ಕರೆದು ಯಾಕೆ ಬರಲಿಲ್ಲ ಅಂತ ಕೇಳಬೇಕು. ಮನೆಯ ಕಷ್ಟ ಅಂತಾದರೆ ಚುಕ್ಕಿ ಅಳಿಸಿ ಇಂಕಿನಲ್ಲಿ ಹಾಜರಿಯ ಗೀಟು ಎಳೆಯುವುದು. ಬರೀ ಸೋಮಾರಿತನ ಆದರೆ ಚುಕ್ಕಿಯ ಮೇಲೆ "ಗೈ". ನಾನು ಕೆಲಸಕ್ಕೆ ಸೇರಿದ ದಿನ ಅವರು ಹೇಳಿದ್ದು ಒಂದೇ ಮಾತು: "ಇಂಕು ಹಾಕೋಕೆ ಮುಂಚೆ ಮಗು ಮುಖ ನೋಡ್ಬೇಕು ಕಣಮ್ಮ." ಇಲಾಖೆಯ ಯಾವ ನಿಯಮದಲ್ಲೂ ಇದು ಇಲ್ಲ. ನಮ್ಮ ಶಾಲೆಯಲ್ಲಿ ಇವತ್ತಿಗೂ ಎಲ್ಲ ಕ್ಲಾಸ್ ಟೀಚರುಗಳೂ ಹೀಗೇ ಮಾಡುವುದು.

ನನ್ನ ಹತ್ತನೇ ಬಿ ಕ್ಲಾಸಿನ ನಲವತ್ತಾರು ಮಕ್ಕಳಲ್ಲಿ ಅತಿ ಹೆಚ್ಚು ಚುಕ್ಕಿ ಅಕ್ಷತಳದು. ಅವಳ ತಾಯಿ ಅಂಜಿನಮ್ಮ ಜುಲೈನಲ್ಲಿ ಬಂದು ಕೈಮುಗಿದು ನಿಂತಿದ್ದಳು. "ಬೆಳಗಿನ ಪಾಳಿ ನಾನು ಮಗ್ಗಕ್ಕೆ ಹೋಯ್ತೀನಿ ಮೇಡಮ್ನೋರೆ, ಹನ್ನೆರಡಕ್ಕೆ ಬಿಡ್ತಾರೆ. ಅಲ್ಲೀಗಂಟ ನಮ್ಮತ್ತೆ ತಾವ ಯಾರಾನ ಇರ್ಬೇಕು. ಲಕ್ವ ಹೊಡ್ದು ಮಗ್ಗುಲು ತಿರುಗಕ್ಕೂ ಆಗಕಿಲ್ಲ." ಮಧ್ಯಾಹ್ನ ತಪ್ಪಿಸದೆ ಕಳಿಸು, ಹಾಜರಿ ನಾನು ನೋಡ್ಕೋತೀನಿ ಅಂದೆ. ಅವತ್ತಿನಿಂದ ತಾಯಿಗೆ ಪಾಳಿ ಇದ್ದ ದಿನವೆಲ್ಲ ಅವಳ ಸಾಲಿನ ಬೆಳಗಿನ ಮನೆಯಲ್ಲಿ ಚುಕ್ಕಿ, ವಾರಕ್ಕೆ ನಾಲ್ಕು. ಒಂದಕ್ಕೂ ಇಂಕು ಹಾಕಿಲ್ಲ, ಒಂದನ್ನೂ ಅಳಿಸಿಲ್ಲ. ಪ್ರತಿ ತಿಂಗಳೂ ಅಷ್ಟೊಂದು ಅಳಿಸಿದರೆ ಆಡಿಟಿನವರ ಕಣ್ಣಿಗೆ ಹೊಡೆಯುತ್ತೆ. ವರ್ಷದ ಕೊನೆಗೆ ಎಷ್ಟು ಬೇಕೋ ಅಷ್ಟು ಅಳಿಸಿದರಾಯಿತು.

ಆ ಹುಡುಗಿಗೆ ಇತಿಹಾಸ ಅಂದರೆ ಪ್ರಾಣ. ಇವತ್ತು ೧೮೫೭ರ ಪಾಠ ಮುಗಿಸುವಾಗ ಎದ್ದು ನಿಂತು, "ಮಿಸ್, ಸೋತೋರ ಹೆಸರೆಲ್ಲ ಯಾರು ಬರ್ದಿಟ್ಕೊಂಡ್ರು?" ಅಂತ ಕೇಳಿದಳು. ಕೂತ್ಕೋ ಅಂದೆ. ಮನಸ್ಸಿನಲ್ಲೇ ಹಿಗ್ಗಿದೆ.

೧೦ ಡಿಸೆಂಬರ್

ಕೆಂಪರಾಜು ಅವರ ತಲೆಗೆ ಹೊಸ ಹುಳ ಹೊಕ್ಕಿದೆ. "ನೂರು ವರ್ಷಕ್ಕೆ ನೂರು ಪರ್ಸೆಂಟು. ಹೆಂಗಿದೆ ಮೇಡಂ?" ಅಂದರು. ಹಾಲಿನ ಗೋಡೆಯ ಫಲಿತಾಂಶದ ಬೋರ್ಡಿನಲ್ಲಿ ಇದುವರೆಗಿನ ದೊಡ್ಡ ಅಂಕಿ ತೊಂಬತ್ತನಾಲ್ಕು, ಅದೂ ೨೦೧೧ರಲ್ಲಿ.

ಆಮೇಲೆ ಬಾಗಿಲು ಹಾಕಿಸಿ ವಿಷಯಕ್ಕೆ ಬಂದರು. "ಎ ಸೆಕ್ಷನ್ ಚಿಂತೆಯಿಲ್ಲ. ನಿಮ್ಮ ಕ್ಲಾಸಲ್ಲಿ ಐದು ಜನ ಡೌಟು. ನಾಲ್ಕು ಜನಾನ ಲೆಕ್ಕದ ಸುನಿಲ್‌ಕುಮಾರ್ ಹೆಂಗೋ ದಾಟಿಸ್ತಾರಂತೆ. ಆ ಅಕ್ಷತ ಆಗಲ್ಲ ಅಂದ್ಬಿಟ್ರು. ಅಟೆಂಡೆನ್ಸ್ ಇದೆಯಾ ಅವಳಿಗೆ?"

ಇದೆ ಅಂದೆ.

"ಪೆನ್ನಲ್ಲೋ, ಸೀಸದ ಕಡ್ಡೀಲೋ?"

ಮೈ ಉರಿದುಹೋಯಿತು. "ಮೂವರು ಪಾಸಾದ ಶಾಲೆ ಇದು ಸಾರ್. ಎಂಟು ಜನಕ್ಕೆ ಬೆಂಚು ಇಟ್ಕೊಂಡು ಕಾದ ಶಾಲೆ. ಒಂದು ಹುಡುಗೀನ ಆಚೆ ಹಾಕಿ ನೂರು ಅಂತ ಬರ್ಕೊಳ್ಳೋದಾದ್ರೆ ಚರಿತ್ರೆ ನೀವೇ ಬರ್ಕೊಳ್ಳಿ" ಅಂತ ಎದ್ದು ಬಂದೆ. ಮನಸ್ಸಿಗೆ ಹಾಯೆನಿಸಿತು. ನಾನು ಯಾರಿಗೂ ಸೊಪ್ಪು ಹಾಕುವವಳಲ್ಲ.

೨೨ ಡಿಸೆಂಬರ್

ಲೆಕ್ಕ ಮತ್ತು ಇಂಗ್ಲಿಷಿನ ಪೀರಿಯಡ್ಡುಗಳು ವರ್ಷವಿಡೀ ಬೆಳಗ್ಗೆಯೇ. ಮಕ್ಕಳ ತಲೆ ಆಗ ಚುರುಕಾಗಿರುತ್ತಂತೆ. ಅಕ್ಷತಳಿಗೆ ಲೆಕ್ಕ ಬಾರದೇ ಇರುವುದಲ್ಲ, ಅವಳು ಲೆಕ್ಕದ ಪಾಠ ಮುಕ್ಕಾಲು ಪಾಲು ಕೇಳೇ ಇಲ್ಲ. ವಾರಕ್ಕೆ ಎರಡು ದಿನವಾದರೂ ಮಧ್ಯಾಹ್ನಕ್ಕೆ ಹಾಕಿ ಅಂತ ಸುನಿಲ್‌ಕುಮಾರ್ ಅವರನ್ನು ಕೇಳಿದೆ. "ಒಂದು ಮಗೂಗೋಸ್ಕರ ಟೈಮ್‌ಟೇಬಲ್ ತಿರುಗಿಸೋಕಾಗುತ್ತಾ ಮೇಡಂ?" ಅಂದರು. ನನ್ನ ಮಧ್ಯಾಹ್ನದ ಇತಿಹಾಸದ ಪೀರಿಯಡ್ಡನ್ನೇ ಬಿಟ್ಟುಕೊಡುತ್ತೇನೆ ಅನ್ನಬಹುದಿತ್ತು. ಅದರ ಬದಲು ಬೆಳಗ್ಗೆ ಪಾಠ ಮಾಡಿದರೆ ಪುಸ್ತಕದ ಕರಡು ತಿದ್ದುವ ಬಿಡುವು ಹೋಗುತ್ತೆ, ಹಾಗಾಗಿ ಅನ್ನಲಿಲ್ಲ.

೯ ಜನವರಿ ೨೦೨೬

ಪೂರ್ವಸಿದ್ಧತಾ ಪರೀಕ್ಷೆಯ ಅಂಕ ಬಂತು. ಅಕ್ಷತ: ಇಂಗ್ಲಿಷ್ ಹದಿನಾಲ್ಕು, ಲೆಕ್ಕ ಒಂಬತ್ತು, ಸಮಾಜ ವಿಜ್ಞಾನ ಎಪ್ಪತ್ತೊಂದು. ಎಂಬತ್ತಕ್ಕೆ ಎಪ್ಪತ್ತೊಂದು!

ಮಧ್ಯಾಹ್ನ ಇಲಾಖೆಯ ಸಾಹೇಬರು ಶಾಲೆ ನೋಡಲು ಬಂದಿದ್ದರು. ಕೆಂಪರಾಜು ಅವರು ನನ್ನ ಕರಡನ್ನು ಅವರ ಕೈಗಿಟ್ಟು, "ನಮ್ಮ ಮೇಡಂ ಬರೆದಿರೋದು ಸಾರ್. ಇವರ ಕ್ಲಾಸೇ ಈ ಸಲ ನೂರಕ್ಕೆ ನೂರು" ಅಂದರು. ಸಾಹೇಬರು ನಾಲ್ಕು ಪುಟ ತಿರುವಿ, ಇಂಥ ಕೆಲಸ ಈ ಜಿಲ್ಲೆಯಲ್ಲೇ ಯಾರೂ ಮಾಡಿಲ್ಲಮ್ಮ ಅಂದರು. ಕೊನೆಯ ಪುಟದಲ್ಲಿ ಶತಮಾನದ ಫಲಿತಾಂಶ ಮತ್ತು ಕ್ಲಾಸ್ ಟೀಚರ ಫೋಟೋ ಬರಬೇಕಂತೆ. ನಾನು ಬೇಡ ಅಂದೆ. ಬಹಳ ಜೋರಾಗಿಯೇನೂ ಅನ್ನಲಿಲ್ಲ.

೧೯ ಜನವರಿ

ಅಕ್ಷತಳನ್ನು ಕರೆದು ಬೈದೆ. ಬೈಯದೆ ವಿಧಿಯಿಲ್ಲ. ಜುಲೈನಲ್ಲಿ ಏನೋ ಪಾಪ ಅಂತ ಒಂದು ಮಾತು ಹೇಳಿದರೆ ಅದನ್ನೇ ಸಸಾರ ಮಾಡಿಕೊಂಡುಬಿಟ್ಟರು ತಾಯಿಮಗಳು. "ನಮ್ಮವ್ವ ಆಸ್ಪತ್ರೇಲಿದ್ದಾಗ ನಾನು ಒಂದು ವಾರ ರಜ ಹಾಕಿದ್ದೆ, ಅಷ್ಟೆ. ಒಂದೇ ವಾರ. ಕಷ್ಟ ನಮಗೂ ಇತ್ತು ಕಣೇ" ಅಂದೆ. ಅವಳು ತಲೆ ತಗ್ಗಿಸಿ, "ಸರಿ ಮಿಸ್, ನಾಳೆಯಿಂದ ಬೆಳಗ್ಗೆ ಬರ್ತೀನಿ" ಅಂದಳು. "ಅಜ್ಜಿ?" ಅಂತ ಬಾಯಿಗೆ ಬಂದದ್ದನ್ನು ನುಂಗಿಕೊಂಡೆ.

ನಾಳೆಯ ಮಾತು ಈಗಲೇ ಯಾಕೆ. ನೋಡೋಣ.

೨೪ ಜನವರಿ

ಬೆಳಗ್ಗೆ ಬಂದದ್ದು ಎರಡು ದಿನ. ಮೂರನೇ ದಿನ ಅಜ್ಜಿ ಮಂಚದಿಂದ ಉರುಳಿ ಬಿದ್ದರಂತೆ. ಮತ್ತೆ ಚುಕ್ಕಿ.

೩೦ ಜನವರಿ

ಹಾಜರಿ ಕೊರತೆಯ ಪಟ್ಟಿ ಇವತ್ತು ಸಂಜೆಯೊಳಗೆ ಹೋಗಬೇಕಿತ್ತು. ಆಫೀಸಿನ ನವೀನ್‌ಕುಮಾರ್ ಬೆಳಗಿನಿಂದ ಮೂರು ಸಲ ಬಂದು ಹೋದ. ಕಂಪ್ಯೂಟರಿಗೆ ತುಂಬುವುದು ನನ್ನ ಹಾಜರಿ ಪುಸ್ತಕ ನೋಡಿಕೊಂಡೇ.

ಒಟ್ಟು ನಡೆದದ್ದು ನೂರ ಎಂಬತ್ತೆಂಟು ದಿನ. ಬೇಕಾದದ್ದು ನೂರ ನಲವತ್ತೊಂದು. ಅಕ್ಷತಳದು ನೂರ ಮೂವತ್ತೆಂಟು. ಅರ್ಧರ್ಧ ದಿನದ ಆರು ಚುಕ್ಕಿ ಅಳಿಸಿದ್ದರೆ ಸಾಕಿತ್ತು.

ಎಲ್ಲಕ್ಕೂ ಇಂಕು ಹಾಕಿದೆ. ಬಾರದ ದಿನವನ್ನು ಬಾರದ ದಿನ ಅಂತಲೇ ಬರೆದೆ. ಇದರಲ್ಲಿ ಸುಳ್ಳೇನಿದೆ? ಪರೀಕ್ಷೆಗೆ ಕೂತು ಲೆಕ್ಕದಲ್ಲಿ ಫೇಲಾಗಿ ಅಳುವುದಕ್ಕಿಂತ ಮುಂದಿನ ವರ್ಷ ಸಮಾಧಾನವಾಗಿ ಓದಿಕೊಂಡು ಖಾಸಗಿಯಾಗಿ ಕಟ್ಟಲಿ. ಅವಳ ಒಳ್ಳೆಯದಕ್ಕೇ. ಮಧ್ಯಾಹ್ನದ ಬೆಲ್ ಹೊಡೆಯುವ ಮುಂಚೆ, ಅವಳು ಬರುವುದರೊಳಗೆ ಮುಗಿಸಿದೆ. ಪೆನ್ನು ಚೆನ್ನಾಗಿತ್ತು, ಎಲ್ಲೂ ಇಂಕು ಹರಡಲಿಲ್ಲ.

೪ ಫೆಬ್ರವರಿ

ಅಂಜಿನಮ್ಮ ಬಂದಿದ್ದಳು. ಮಗ್ಗದಿಂದ ನೇರ ಬಂದದ್ದು, ತಲೆಗೂದಲ ತುಂಬ ನೂಲಿನ ಧೂಳು. ಕೂಗಾಡುತ್ತಾಳೆ ಅಂತ ನಾನು ಸಿದ್ಧವಾಗೇ ಇದ್ದೆ. ಕೂಗಾಡಲಿಲ್ಲ.

"ಹಾಜರಿ ನೋಡ್ಕೋತೀನಿ ಅಂತ ನೀವೇ ಯೋಳಿದ್ರಲ್ಲ ಮೇಡಮ್ನೋರೆ."

"ಹೇಳಿದ್ದೆ ಅಂಜಿನಮ್ಮ. ಆದ್ರೆ ಇಷ್ಟೊಂದು ತಪ್ಪಿಸಿದ್ರೆ ನಾನೇನ್ ಮಾಡ್ಲಿ? ಕಾನೂನು ಅಂತ ಒಂದಿದೆ."

"ಆಗಸ್ಟಲ್ಲಿ ಮಗ್ಗದ ಯಜಮಾನ್ರು ಸಂಜೆ ಪಾಳಿ ಕೊಡ್ತೀನಿ ಅಂದಿದ್ರು. ಮೇಡಮ್ನೋರು ಯೋಳವ್ರೆ, ಏನೂ ತೊಂದ್ರೆಯಿಲ್ಲ ಅಂತ ನಾನೇ ಬ್ಯಾಡ ಅಂದೆ." ಬಾಗಿಲ ತನಕ ಹೋಗಿ ತಿರುಗಿ, "ಅದೊಂದು ಮಾತು ಯೋಳ್ಬಾರ್ದಿತ್ತು ನೀವು" ಅಂತ ಹೇಳಿ ಹೋದಳು.

ಈ ಜನಕ್ಕೆ ಉಪಕಾರ ಮಾಡಲು ಹೋಗಬಾರದು. ಮಧ್ಯಾಹ್ನ ತೆರೆದ ಊಟದ ಡಬ್ಬಿಯನ್ನು ಹಾಗೇ ಮುಚ್ಚಿ ಮನೆಗೆ ವಾಪಸ್ ತಂದೆ. ಬಿಸಿಲಿಗೆ ಇರಬೇಕು.

೧೮ ಮಾರ್ಚ್

ಪರೀಕ್ಷೆ ಶುರು. ನಲವತ್ತೈದು ಮಕ್ಕಳೂ ಹಾಜರು. ಗೇಟಿನ ಹೊರಗೆ ಅಕ್ಷತ ನಿಂತಿದ್ದಳು. ಪ್ಯಾಡ್ ತರಲು ಮರೆತಿದ್ದ ಗೆಳತಿಗೆ ತನ್ನ ಪ್ಯಾಡ್ ಕೊಡಲು ಬಂದಿದ್ದಳಂತೆ.

೨೪ ಏಪ್ರಿಲ್

ನೂರು. ಬಂತು.

ಕೆಂಪರಾಜು ಅವರು ಎಲ್ಲರ ಬಾಯಿಗೂ ಮೈಸೂರ್ ಪಾಕ್ ಇಟ್ಟರು. ಪೇಂಟರನ್ನು ಕರೆಸಿ ಹಾಲಿನ ಬೋರ್ಡಿನ ಕೊನೆಯ ಸಾಲಿನಲ್ಲಿ ಹಳದಿ ಬಣ್ಣದಲ್ಲಿ ೧೦೦ ಅಂತ ಬರೆಸಿದ್ದೂ ಆಯಿತು. ನನಗೂ ಖುಷಿಯಾಯಿತು, ಸುಳ್ಳು ಯಾಕೆ ಹೇಳಲಿ. ಫೋಟೋಗೆ ನೀಲಿ ಸೀರೆ ಉಟ್ಟಿದ್ದೆ.

"ಮೊದಲನೇ ಪುಟದಲ್ಲಿ ಹನ್ನೊಂದಕ್ಕೆ ಮೂರು ಅಂತ ಇದೆಯಲ್ಲ ಮೇಡಂ, ಅದು ಬೇಡ. ಕೊನೇಲಿ ನೂರು ಅಂತ ಇಟ್ಕೊಂಡು ಶುರೂಲೇ ಅಪಶಕುನ ಯಾಕೆ?" ಅಂದರು. ಅವರು ಹೇಳುವುದರಲ್ಲೂ ಅರ್ಥವಿದೆ. ತೆಗೆದೆ. ಎಂಟು ಮಂದಿಯ ಬೆಂಚೂ ಅದರ ಜೊತೆಗೆ ಹೋಯಿತು. ಮುನ್ನುಡಿಗೆ ಜಾಗ ಸಿಕ್ಕಿತು.

೨ ಮೇ

ಸಮಾರಂಭಕ್ಕೆ ಹಳೆಯ ವಿದ್ಯಾರ್ಥಿಗಳ ಹೆಸರು ಬೇಕೆಂದು ನವೀನ್‌ಕುಮಾರ್ ಅಟ್ಟದ ಬೀರು ತೆಗೆಸಿದ್ದ. ೧೯೮೪–೮೫ರ ಹತ್ತನೇ ಬಿ ಹಾಜರಿ ಪುಸ್ತಕ ಕೈಗೆ ಸಿಕ್ಕಿತು. ಗಂಗಣ್ಣ ಮೇಷ್ಟ್ರ ಅಕ್ಷರ. ಹದಿನೇಳನೇ ಸಾಲು: ಜ್ಯೋತಿಲಕ್ಷ್ಮಿ.

ಸಾಲಿನ ತುಂಬ ಗೀಟು. ಹಿಗ್ಗಿನಿಂದಲೇ ನೋಡುತ್ತ ಹೋದೆ. ನವೆಂಬರಿನ ಪುಟಕ್ಕೆ ಬಂದಾಗ ಕಾಗದ ಬೆರಳಿಗೆ ಒರಟಾಗಿ ತಾಗಿತು. ಕಿಟಕಿಯ ಹತ್ತಿರ ಹೋಗಿ ಬೆಳಕಿಗೆ ಹಿಡಿದೆ. ಗೀಟುಗಳ ಕೆಳಗೆಲ್ಲ ಸಣ್ಣ ಸಣ್ಣ ಗುಳಿ. ಸೀಸದ ಕಡ್ಡಿಯಲ್ಲಿ ಒತ್ತಿ ಇಟ್ಟು, ಆಮೇಲೆ ರಬ್ಬರಿನಿಂದ ತಿಕ್ಕಿ ತಿಕ್ಕಿ ಅಳಿಸಿದ ಚುಕ್ಕಿಗಳು. ನವೆಂಬರ್ ಪೂರ್ತಿ. ಡಿಸೆಂಬರ್ ಪೂರ್ತಿ. ಜನವರಿಯಲ್ಲಿ ಸಂಕ್ರಾಂತಿ ಕಳೆಯುವ ತನಕ.

ನಿಂತಲ್ಲೇ ಎಣಿಸಿದೆ. ಐವತ್ತೆರಡು ದಿನ.

ಒಂದು ವಾರ ಅಂದುಕೊಂಡಿದ್ದೆ. ನಲವತ್ತು ವರ್ಷ ಹಾಗೇ ಹೇಳಿಕೊಂಡು ಬಂದೆ, ಮಕ್ಕಳಿಗೆಲ್ಲ ಹೇಳಿದೆ, ಅವಳಿಗೂ ಹೇಳಿದೆ. ಈಗ ಒಂದೊಂದಾಗಿ ನೆನಪಾಗುತ್ತಿದೆ. ಕ್ಷಯದ ಆಸ್ಪತ್ರೆಯ ಉದ್ದ ವರಾಂಡ, ಅವ್ವನ ಉಗುಳಿನ ಡಬ್ಬಿ ತೊಳೆಯುತ್ತಿದ್ದ ನಲ್ಲಿ, ಪಕ್ಕದ ಮಂಚದವರು ಎಳ್ಳುಬೆಲ್ಲ ಕೊಟ್ಟದ್ದು. ಮರಳಿ ಬಂದಾಗ ಮೇಷ್ಟ್ರು ನನ್ನನ್ನು ಕರೆದು ಮುಖ ನೋಡಿದ್ದರು. ಏನೂ ಕೇಳಲಿಲ್ಲ. "ಹೋಗಿ ಕೂತ್ಕೋ" ಅಂದರು. ಅಷ್ಟೇ.

ನನಗೆ ನನ್ನ ಮೇಲೇ ಹೇಸಿಗೆಯಾಗುತ್ತಿದೆ. ಐವತ್ತೆರಡು ದಿನ ಅಳಿಸಿಸಿಕೊಂಡವಳ ಕೈಗೆ ಆರು ಚುಕ್ಕಿ ಭಾರವಾಯಿತು.

೭ ಮೇ

ಏನಾದರೂ ಮಾಡಬಹುದಾ ಅಂತ ನವೀನ್‌ಕುಮಾರನನ್ನು ಕೇಳಿದೆ. "ಲಿಸ್ಟ್ ಹೋಗಿ ಮೂರು ತಿಂಗಳಾಯ್ತಲ್ಲ ಮೇಡಂ. ಮುಂದಿನ ವರ್ಷ ಪ್ರೈವೇಟಾಗಿ ಕಟ್ಲಿ ಬಿಡಿ" ಅಂದ. ನಾನು ಹೇಳಿಕೊಂಡಿದ್ದ ಸಮಾಧಾನವನ್ನೇ ಅವನ ಬಾಯಲ್ಲಿ ಕೇಳಿದೆ.

ಅಲ್ಲಿಂದ ಅವರ ಬೀದಿಗೆ ಹೋದೆ. ಬೀದಿಯ ಉದ್ದಕ್ಕೂ ಮಗ್ಗದ ಸದ್ದು. ಅಜ್ಜಿ ಫೆಬ್ರವರಿ ಕೊನೆಯಲ್ಲೇ ತೀರಿಕೊಂಡರಂತೆ, ಪಕ್ಕದ ಮನೆಯವರು ಹೇಳಿದರು. ನನಗೆ ಗೊತ್ತೇ ಇರಲಿಲ್ಲ. ಶೆಡ್ಡಿನ ಬಾಗಿಲಿಂದ ಅಕ್ಷತ ಕಂಡಳು. ಎರಡು ಮಗ್ಗಗಳ ನಡುವೆ ನಿಂತು ಲಾಳಿಯಲ್ಲಿ ನೂಲು ಮುಗಿದ ಕಂಡಿಕೆ ತೆಗೆದು ಬೇರೆ ಹಾಕುತ್ತಿದ್ದಳು. ಕೈ ಆಗಲೇ ಪಳಗಿದೆ. ಈಗ ಬೆಳಗ್ಗೆ ಶಾಲೆಗೆ ಬರಲು ಅವಳಿಗೆ ಯಾವ ಅಡ್ಡಿಯೂ ಇಲ್ಲ.

ಕರೆಯಲಿಲ್ಲ. ಆ ಸದ್ದಿನಲ್ಲಿ ಕರೆದರೂ ಕೇಳಿಸುತ್ತಿರಲಿಲ್ಲ ಅಂತ ಮನೆಗೆ ಬರುವ ದಾರಿಯುದ್ದಕ್ಕೂ ಹೇಳಿಕೊಂಡೆ.

೮ ಮೇ

ಪ್ರೆಸ್ಸಿಗೆ ಕೊನೆಯ ಪ್ರೂಫ್ ಹೋಗಬೇಕಿತ್ತು. ಸೀಸದ ಕಡ್ಡಿಯ ಅಧ್ಯಾಯವನ್ನು ಹೊಡೆದುಹಾಕಿದೆ. ಕೆಂಪರಾಜು ಅವರು ಹೇಳಲಿಲ್ಲ, ನಾನೇ ಹಾಕಿದೆ. ಹಾಜರಿ ತಿದ್ದುತ್ತಿದ್ದರು ಅಂತ ಅಚ್ಚಿನಲ್ಲಿ ಬಂದರೆ ಮೇಷ್ಟ್ರಿಗೆ ಈ ವಯಸ್ಸಿನಲ್ಲಿ ಯಾಕೆ ತೊಂದರೆ.

೧೬ ಮೇ

ಶತಮಾನೋತ್ಸವ ಮುಗಿಯಿತು. ಶಾಮಿಯಾನ, ಹಾರ, ಭಾಷಣ. ಪುಸ್ತಕ ಬಿಡುಗಡೆಯಾಯಿತು. ಕೊನೆಯ ಪುಟದಲ್ಲಿ ನೀಲಿ ಸೀರೆಯಲ್ಲಿ ನಾನಿದ್ದೇನೆ.

ಗಂಗಣ್ಣ ಮೇಷ್ಟ್ರು ಬರುವುದಿಲ್ಲ ಅಂದುಕೊಂಡಿದ್ದೆ. ಸನ್ಮಾನದ ಹೊತ್ತಿಗೆ ಸರಿಯಾಗಿ ಬಂದರು. ಅವರ ಮೊಣಕೈ ಹಿಡಿದು ಮೆಟ್ಟಿಲು ಹತ್ತಿಸಿದ್ದು ಅಕ್ಷತ. ಅವರ ಮನೆಯೂ ಅದೇ ಬೀದಿಯಲ್ಲಿ, ಮೂರು ಬಾಗಿಲು ಆಚೆ. ಇದು ನನಗೆ ಗೊತ್ತಿದ್ದ ವಿಷಯವೇ, ಆದರೂ ಅವಳೇ ಕರೆತರುತ್ತಾಳೆ ಅಂತ ಎಣಿಸಿರಲಿಲ್ಲ.

ಕಾರ್ಯಕ್ರಮ ಮುಗಿದ ಮೇಲೆ ಹಾಲಿನ ಬೋರ್ಡಿನ ಕೆಳಗೆ ಕುರ್ಚಿ ಹಾಕಿ ಕೂರಿಸಿ, ಕಾಲಿಗೆ ನಮಸ್ಕಾರ ಮಾಡಿದೆ. ಅವರು ನನ್ನ ತಲೆ ತಡವಿದರು.

"ಯಾರು, ಜ್ಯೋತೀನಾ? ನೂರಂತಲ್ಲಮ್ಮ ಈ ಸಲ. ನನ್ ಕಾಲ್ದಲ್ಲಿ ಐವತ್ತು ದಾಟಿದ್ರೆ ಹೋಳಿಗೆ ಮಾಡಿಸ್ತಿದ್ದೆ."

"ನಿಮ್ಮ ಆಶೀರ್ವಾದ ಸಾರ್."

"ಆಶೀರ್ವಾದದಿಂದ ಯಾರೂ ಪಾಸಾಗಲ್ಲ, ಬಿಡು. ಈ ಹುಡ್ಗಿ ದಿನಾ ಸಂಜೆ ನಂಗೆ ಪೇಪರ್ ಓದಿ ಹೇಳ್ತಾಳೆ. ನಿನ್ ಕ್ಲಾಸೇ ಅಂತಲ್ಲ. ಪರೀಕ್ಷೆ ಹೆಂಗೆ ಮಾಡ್ದೆ ಅಂದ್ರೆ ಬಾಯೇ ಬಿಡಲ್ಲ." ಆಮೇಲೆ ನನ್ನ ಕೈ ಹಿಡಿದುಕೊಂಡು ಕೇಳಿದರು. "ಅದಿರ್ಲಿ. ಸೀಸದ ಕಡ್ಡಿ ಇನ್ನೂ ಇಟ್ಕೊಂಡಿದೀಯಾ? ಈ ವರ್ಷ ಎಷ್ಟು ಚುಕ್ಕಿ ಅಳಿಸ್ದೆ?"

ಅಕ್ಷತ ಅವರ ಕುರ್ಚಿಯ ಹಿಂದೆ ನಿಂತಿದ್ದಳು. ಅವರಿಗೆ ನನ್ನ ಮುಖ ಕಾಣುವುದಿಲ್ಲ, ಅವಳಿಗೆ ಕಾಣುತ್ತೆ. ನಿಜ ಹೇಳಿಬಿಡಬೇಕು ಅಂತಲೇ ಬಾಯಿ ತೆರೆದೆ.

"ಎಲ್ಲಾ ಅಳಿಸ್ದೆ ಸಾರ್" ಅಂದೆ.

ಮೇಷ್ಟ್ರು ತಲೆ ಎತ್ತಿ, ಅವಳಿದ್ದ ಕಡೆ ಅಂದಾಜಿನಲ್ಲಿ ತಿರುಗಿ, "ಹೌದೇನಮ್ಮ?" ಅಂದರು.

ಅವಳು ನನ್ನನ್ನೇ ನೋಡುತ್ತಿದ್ದಳು. ಸಿಟ್ಟಿದ್ದರೆ ತಡೆದುಕೊಳ್ಳುತ್ತಿದ್ದೆ. ಪಾಠ ಮುಗಿಸುವಾಗ ಎದ್ದು ನಿಂತು ಪ್ರಶ್ನೆ ಕೇಳುತ್ತಿದ್ದ ಅದೇ ಮುಖ.

"ಹೂಂ ತಾತ. ಮಿಸ್ ಎಲ್ಲಾ ಅಳಿಸಿದ್ರು."

"ಭೇಷ್" ಅಂತ ಮೇಷ್ಟ್ರು ನನ್ನ ಕೈ ತಟ್ಟಿದರು. ಅವಳು ಅವರ ಮೊಣಕೈ ಹಿಡಿದು ಎಬ್ಬಿಸಿ, ಒಂದೊಂದೇ ಮೆಟ್ಟಿಲು ಎಣಿಸಿ ಹೇಳುತ್ತ ಇಳಿಸಿಕೊಂಡು ಹೋದಳು. ಊಟಕ್ಕೆ ಎಲೆ ಹಾಕಿದ್ದಾರೆ ಬನ್ನಿ ಅಂತ ಯಾರೋ ಕರೆದರು. ಹೋಗಿ ಕೂತೆ.